ನೂರು ಮಿಲಿಮೀಟರಿಗೆ ತೊಂಬತ್ತೇಳು

ಮಾರ್ಚ್ 3, ಸೋಮವಾರ

ನಾನು ಕಾರ್ಯಾಗಾರ ತಲುಪುವಷ್ಟರಲ್ಲಿ ಹೊಸ ಗಣಕಯಂತ್ರ ಬಂದು ಕುಳಿತಿತ್ತು. ಹಳೆಯದನ್ನು ಹೊತ್ತೊಯ್ದಿದ್ದರು, ಮೇಜಿನ ಮೇಲೆ ಅದರ ಬುಡದಷ್ಟು ಅಗಲದ, ಧೂಳಿಲ್ಲದ ಒಂದು ಚೌಕ ಉಳಿದಿತ್ತು. ಆಸ್ಪತ್ರೆಯ ಎಲ್ಲ ವಿಭಾಗಗಳಿಗೂ ಇನ್ನು ಮೇಲೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆದೇಶ ಕಳೆದ ತಿಂಗಳೇ ಬಂದಿತ್ತು. ನಾನೇ ಓದಿ ರುಜು ಹಾಕಿದ್ದೆ. ನಮ್ಮ ಪಾದದ ಹಲಗೆಯ ತಂತ್ರಾಂಶ ವಿಂಡೋಸ್ ಒಂದರಲ್ಲೇ ನಡೆಯುವಂಥದ್ದೆಂಬುದು ಆಗ ಹೊಳೆಯಲಿಲ್ಲ.

ಆ ಹಲಗೆಯ ಮೇಲೆ ಬರಿಗಾಲಿನಲ್ಲಿ ನಿಂತರೆ ಪಾದದ ಆಕಾರವೂ ಅದರ ಮೇಲೆ ಭಾರ ಬೀಳುವ ಜಾಗಗಳೂ ಪರದೆಯ ಮೇಲೆ ಮೂಡುತ್ತವೆ. ಅದನ್ನು ಕಾಗದಕ್ಕೆ ಇಳಿಸಿ, ಕಾಗದದಂತೆ ಒಳಅಟ್ಟೆ ಕತ್ತರಿಸಿ, ಅದರ ಮೇಲೆ ಬೂಟು ಕಟ್ಟುತ್ತೇವೆ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋಗಿರುತ್ತದೆ. ಗಾಜಿನ ಚೂರು ಹೊಕ್ಕರೂ ಅವರಿಗೆ ತಿಳಿಯದು. ಅಂಥವರಿಗೆ ಅಂಗಡಿಯ ಬೂಟು ಆಗುವುದಿಲ್ಲ.

ತಂತ್ರಾಂಶ ಮಾಡಿದ ಕಂಪನಿ ಮುಚ್ಚಿ ಒಂಬತ್ತು ವರ್ಷವಾಯಿತು. ಉಳಿದಿರುವುದು ಅದರ ಒಂದು ಸಿ.ಡಿ. ಬಿಲ್ಲೆ ಮಾತ್ರ. ಮಧ್ಯಾಹ್ನ ಮೇಲ್ವಿಚಾರಕರು ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಈ ತಿಂಗಳೊಳಗೆ ನಡೆಸಿ ತೋರ್ಸಿ. ಇಲ್ಲಾಂದ್ರೆ ಅಳತೆ ಕೆಲಸ ಹೊರಗಿನ ಕೇಂದ್ರಕ್ಕೆ ಹೋಗುತ್ತೆ. ತರಬೇತಿ ವಿಭಾಗಾನೂ ಮುಚ್ಚಬೇಕಾಗುತ್ತೆ."

ತರಬೇತಿ ವಿಭಾಗವೆಂದರೆ ಈ ವರ್ಷ ಒಬ್ಬಳೇ. ಬಂದ ಮೊದಲ ದಿನ ಹನ್ನೆರಡು ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಕೇಳಿದ್ದಕ್ಕೆಲ್ಲ "ಹೂಂ" ಎಂದಳೆಂದು ನಮ್ಮಲ್ಲಿ ಚರ್ಮ ಕತ್ತರಿಸುವ ಕತ್ತರಿಯಣ್ಣ ಅವಳಿಗೆ ಮೊಳೆ ಎಂದು ಹೆಸರಿಟ್ಟರು. ಹತ್ತೊಂಬತ್ತು ವರ್ಷ. ಈ ಮಗುವಿನ ಕೈಯಲ್ಲಿ ಇರುವ ಹದ ಇಪ್ಪತ್ತಾರು ವರ್ಷಗಳಲ್ಲಿ ನಾನು ಕಲಿಸಿದ ಯಾರಲ್ಲೂ ಇರಲಿಲ್ಲ. ಅವಳನ್ನು ಹೊರಗೆ ಕಳುಹಿಸುವ ಪ್ರಶ್ನೆಯೇ ಇಲ್ಲ.

ಮಾರ್ಚ್ 5, ಬುಧವಾರ

ದಾರಿಯನ್ನು ಕಂಡುಹಿಡಿದವಳು ಮೊಳೆಯೇ. ಲಿನಕ್ಸ್ ಮೇಲೆ ವಿಂಡೋಸ್ ತಂತ್ರಾಂಶಗಳನ್ನು ನಡೆಸಲು ವೈನ್ ಎಂಬ ಏರ್ಪಾಡು ಇದೆಯಂತೆ.

"ಆಸ್ಪತ್ರೆ ಒಳಗೆ ವೈನಾ?" ಎಂದರು ಕತ್ತರಿಯಣ್ಣ, ಚರ್ಮದಿಂದ ತಲೆಯೆತ್ತದೆ. "ಬಾಗಿಲು ಹಾಕಮ್ಮ, ಮೇಲ್ವಿಚಾರಕರು ಪಾಲು ಕೇಳ್ತಾರೆ."

"ಸುಮ್ನಿರಿ ಮಾಮ. ಅಕ್ಕಾ, ಇದು ವಿಂಡೋಸ್ ಅಲ್ಲ. ನಮ್ಮ ತಂತ್ರಾಂಶ ಏನಾದ್ರೂ ಕೇಳಿದಾಗ, ವಿಂಡೋಸ್ ಇದ್ದಿದ್ರೆ ಏನು ಉತ್ತರ ಕೊಡ್ತಿತ್ತೋ ಅದನ್ನೇ ಇದು ಕೊಡುತ್ತೆ. ಅಕ್ಷರ ಎಲ್ಲಿದೆ ಅಂದ್ರೆ ಇಲ್ಲಿದೆ ಅನ್ನುತ್ತೆ, ಪ್ರಿಂಟರ್ ಎಲ್ಲಿ ಅಂದ್ರೆ ಇಲ್ಲಿ ಅನ್ನುತ್ತೆ. ತಾನು ಎಲ್ಲಿದ್ದೀನಿ ಅಂತ ತಂತ್ರಾಂಶಕ್ಕೆ ಗೊತ್ತೇ ಆಗಲ್ಲ."

"ಪಾಪ," ಎಂದರು ಕತ್ತರಿಯಣ್ಣ.

ನಾನು ಅವಳ ಕುರ್ಚಿಯ ಹಿಂದೆಯೇ ನಿಂತಿದ್ದೆ. ತಂತ್ರಾಂಶ ತೆರೆದುಕೊಂಡಿತು. ಆದರೆ ಅಕ್ಷರಗಳಿರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು.

ಮಾರ್ಚ್ 6, ಗುರುವಾರ

ಚೌಕಗಳೇ. ಸಂಜೆ ಆರರವರೆಗೆ ಚೌಕಗಳೇ.

ಮಾರ್ಚ್ 11, ಮಂಗಳವಾರ

ಕಾಣೆಯಾಗಿದ್ದ ಅಕ್ಷರಶೈಲಿಗಳನ್ನು ಮೊಳೆ ಹುಡುಕಿ ತಂದು ಸೇರಿಸಿದಳು, ಪರದೆ ಮಾತಾಡತೊಡಗಿತು. ಈಗ ಅದಕ್ಕೆ ಹಲಗೆಯೇ ಕಾಣುತ್ತಿಲ್ಲ. "ಸಾಧನ ಸಿಗಲಿಲ್ಲ" ಎಂಬ ಒಂದೇ ವಾಕ್ಯ. ತಂತಿ ಇದೆ, ದೀಪ ಉರಿಯುತ್ತಿದೆ, ಹಲಗೆ ಎದುರಿಗೇ ಬಿದ್ದಿದೆ.

ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಅವಳು ಓದುತ್ತಿರುವುದನ್ನು ನಾನೂ ಬಗ್ಗಿ ಓದುತ್ತೇನೆ. ಅರ್ಥವಾಗದಿದ್ದರೂ ಬೆರಳಿಟ್ಟು ತೋರಿಸುತ್ತೇನೆ. ಮೂರನೆಯ ಸಲ ಮೌಸನ್ನು ಅವಳ ಕೈಯಿಂದ ತೆಗೆದುಕೊಂಡಾಗ ಅವಳು ಹೇಳಿದಳು: "ಅಕ್ಕಾ, ಒಂದ್ ನಿಮಿಷ ಕೈ ತೆಗೀರಿ."

ಒರಟಾಗಿ ಹೇಳಲಿಲ್ಲ. ಮಗುವಿಗೆ ದಣಿವಾಗಿದೆ ಎಂದುಕೊಂಡು ಚಹಾ ತರಿಸಿದೆ.

ಮನೆಯಲ್ಲಿ ತಂಗಿಗೆ ಇದನ್ನೆಲ್ಲ ವಿವರಿಸುತ್ತ ಕೋಣೆಯ ಉದ್ದಕ್ಕೂ ಓಡಾಡುತ್ತಿದ್ದೆನಂತೆ. ಅವಳು ಬಟ್ಟೆ ಮಡಚುತ್ತಾ ಕೇಳಿದಳು: "ಪರೀಕ್ಷೆಗೆ ಕೂತಿರೋದು ಆ ಹುಡುಗಿನಾ, ನೀನಾ?"

"ಅವಳ ಭವಿಷ್ಯ ಕಣೇ."

"ಹೌದಾ? ಬೆವರ್ತಿರೋದು ನೀನು."

ಮಾರ್ಚ್ 14, ಶುಕ್ರವಾರ

ಆಯಿತು! ಆಯಿತು!

ಹಲಗೆಯ ತಂತಿಯನ್ನು ಮುಟ್ಟಲು ಲಿನಕ್ಸಿನಲ್ಲಿ ಪ್ರತಿ ಬಳಕೆದಾರನಿಗೂ ಬೇರೆ ಅನುಮತಿ ಬೇಕಂತೆ, ನಮಗೆ ಅದಿರಲಿಲ್ಲ. ಅನುಮತಿ ಕೊಟ್ಟು, ತಂತ್ರಾಂಶ ಹುಡುಕುವ ಹಳೆಯ ವಿಳಾಸವನ್ನೇ ತಂತಿಗೆ ಅಂಟಿಸಿದಳು. ಗಂಟೆ ಹನ್ನೊಂದು ಇಪ್ಪತ್ತು. ಹೊರಗಿನ ಬೆಂಚಿನ ಮೇಲೆ ಅಂಚೆಯಜ್ಜ, ನಮ್ಮಲ್ಲಿಗೆ ಬರುವ ನಿವೃತ್ತ ಅಂಚೆಯವರು, ಕುಳಿತಿದ್ದರು. ಅವರ ಎಡಗಾಲಿನ ಎರಡು ಬೆರಳುಗಳನ್ನು ಮೂರು ವರ್ಷದ ಹಿಂದೆ ತೆಗೆಯಬೇಕಾಯಿತು. ಬಲಗಾಲು ಇನ್ನೂ ಇಡಿಯಾಗಿದೆ. ಎರಡರಲ್ಲೂ ಸ್ಪರ್ಶವಿಲ್ಲ. ಅವರನ್ನೇ ಕೈಹಿಡಿದು ಹಲಗೆ ಹತ್ತಿಸಿದೆವು. ಪರದೆಯ ಮೇಲೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಪಾದಗಳೆರಡೂ ಮೂಡಿದವು. ಬಲಗಾಲು ಇನ್ನೂರ ಐವತ್ತೆಂಟು ಮಿಲಿಮೀಟರ್. ಹಳೆಯ ಚೀಟಿಯಲ್ಲಿಯೂ ಅಷ್ಟೇ!

"ಇದು ನನ್ನ ಕಾಲಾ? ಹೋಳಿ ಆಡಿದಂಗಿದೆಯಲ್ಲ," ಎಂದರು ಅಜ್ಜ.

ಮೇಲ್ವಿಚಾರಕರು ಬಂದು ನೋಡಿದರು. "ಸರಿ. ಆರು ಜನಕ್ಕೆ ಬೂಟು ಮಾಡಿ ಕೊಡಿ. ಅದು ಸರಿಹೋದ್ರೆ ಮುಂದುವರಿಸೋಣ." ಆರು ಪಾದಚಿತ್ರಗಳೂ ಮಧ್ಯಾಹ್ನದೊಳಗೆ ಅಚ್ಚಾದವು. ಮೇಲ್ವಿಚಾರಕರು ಕೊಟ್ಟ ನಮೂನೆಯಲ್ಲಿ "ಅಚ್ಚಾದ ಕಾಗದವನ್ನು ಹಿತ್ತಾಳೆ ಪಟ್ಟಿಯಿಂದ ಅಳೆದು ನೋಡಲಾಗಿದೆ" ಎಂಬ ಸಾಲೂ ಇತ್ತು. ಪರದೆಯ ಅಂಕಿ ಸರಿಯಿದ್ದುದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೆವು. ಅವರೂ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದರು. ರುಜು ಹಾಕಿ ಕೊಟ್ಟೆ.

ಮೊಳೆಯ ಬೆನ್ನು ತಟ್ಟಿದಾಗ ಅವಳ ಕಣ್ಣು ತುಂಬಿತ್ತು. ಇಂಥ ದಿನಗಳಿಗಾಗಿ ಮನುಷ್ಯ ಕಲಿಸುವ ಕೆಲಸಕ್ಕೆ ಬರಬೇಕು.

ಮಾರ್ಚ್ 21, ಶುಕ್ರವಾರ

ಅಂಚೆಯಜ್ಜನ ಬೂಟು ಸಿದ್ಧವಾಯಿತು. ಆರರಲ್ಲಿ ಇದು ಕೊನೆಯದು. ಒಳಅಟ್ಟೆಯಿಂದ ಹೊಲಿಗೆಯವರೆಗೂ ಮೊಳೆಯೇ ಮಾಡಿದ್ದು. ಮೇಲ್ವಿಚಾರಕರೂ ನೋಡಲು ಬಂದಿದ್ದರು. ಅಜ್ಜ ಹಾಕಿಕೊಂಡು ಕಿಟಕಿಯಿಂದ ಬಾಗಿಲಿನವರೆಗೆ ನಡೆದು ತೋರಿಸಿದರು.

"ಹೇಗಿದೆ ಅಜ್ಜಾ? ಹಿತವಾಗಿದೆಯಲ್ಲ? ಇವಳೇ ಮಾಡಿದ್ದು!" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು, ಮೊಳೆಯ ಮುಖ ನೋಡಿದರು. "ಹೂವಿನಂಗಿದೆ. ಹಾಕ್ಕೊಂಡಿದ್ದೇ ಗೊತ್ತಾಗಲ್ಲ."

ಎಲ್ಲರೂ ನಕ್ಕೆವು. ಮೇಲ್ವಿಚಾರಕರು ಕೈಕುಲುಕಿದರು. ಸ್ಪರ್ಶವಿಲ್ಲದ ಪಾದಗಳಿಗೆ ಹೊಸ ಬೂಟು ಕೊಟ್ಟಾಗ ಇಪ್ಪತ್ತು ನಿಮಿಷ ನಡೆಸಿ, ಬಿಚ್ಚಿ, ಚರ್ಮ ಕೆಂಪಾಗಿದೆಯೇ ಎಂದು ನೋಡುವುದು ನಮ್ಮ ಪದ್ಧತಿ. ಮೊಳೆ ಕೈಚೀಲದಿಂದ ಕನ್ನಡಿ ತೆಗೆದಿದ್ದಳು ಕೂಡ. ಅಷ್ಟರಲ್ಲಿ ಮೇಲ್ವಿಚಾರಕರು ಒಂದು ಚಿತ್ರ ತೆಗೆಯೋಣ ಎಂದರು, ಅಜ್ಜ ಬಸ್ಸಿಗೆ ಹೊತ್ತಾಯಿತು ಎಂದರು. ಮುಂದಿನ ವಾರ ಬಂದೇ ಬರುತ್ತಾರಲ್ಲ ಎಂದು ನಾನೇ ಕಳುಹಿಸಿಕೊಟ್ಟೆ.

ಮಾರ್ಚ್ 24, ಸೋಮವಾರ

ಮೊದಲನೆಯ ಬೂಟು ಪಡೆದ ಬಸ್ ಕಂಡಕ್ಟರ್ ಬಂದಿದ್ದರು. ಅವರದು ಒಂದು ಕಾಲು ಗಿಡ್ಡ, ಸ್ಪರ್ಶಕ್ಕೇನೂ ಕೊರತೆಯಿಲ್ಲ. "ಬೆರಳು ಒತ್ತುತ್ತೆ ಮೇಡಂ," ಎಂದರು. ಹೊಸ ಚರ್ಮ, ಎಂಟು ದಿನದಲ್ಲಿ ಸಡಿಲವಾಗುತ್ತದೆ ಎಂದು ಸಮಾಧಾನ ಹೇಳಿದೆ. ಹೋದ ಮೇಲೂ ಏಕೋ ಮನಸ್ಸು ನಿಲ್ಲಲಿಲ್ಲ. ಮೊಳೆಗೆ ಹೇಳಲಿಲ್ಲ; ಸುಮ್ಮನೆ ಕುಗ್ಗಿಹೋಗುತ್ತಾಳೆ.

ಮಾರ್ಚ್ 26, ಬುಧವಾರ

ಇನ್ನೊಬ್ಬರು ಬಂದರು. ಅದೇ ಮಾತು.

ಅವರು ಹೊರಟ ಮೇಲೆ ಕತ್ತರಿಯಣ್ಣ ಕಪಾಟಿನಿಂದ ಅವರ ಎರಡು ವರ್ಷದ ಹಿಂದಿನ ಪಾದಚಿತ್ರ ತೆಗೆದರು. ಅದನ್ನೂ ಹೊಸದನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕಿನಲ್ಲಿ ಎರಡು ಗೆರೆಗಳೂ ಕಂಡವು, ಒಂದರೊಳಗೆ ಇನ್ನೊಂದು.

"ಅಕ್ಕಾ, ಎರಡು ವರ್ಷದಲ್ಲಿ ಈ ಮನುಷ್ಯನ ಕಾಲು ಕುಗ್ಗಿತಾ?"

ಹಳೆಯ ಕಾಗದ ತೇವಕ್ಕೆ ಹಿಗ್ಗಿರಬಹುದು ಎಂದೆ. ನಾನೇ ಅಂದೆ, ಈ ಬಾಯಿಂದ.

ಕತ್ತರಿಯಣ್ಣ ಹಿತ್ತಾಳೆಯ ಪಟ್ಟಿಯನ್ನು ಮೊಳೆಯ ಮುಂದೆ ಇಟ್ಟರು. ಪ್ರತಿ ಪಾದಚಿತ್ರದ ಅಂಚಿನಲ್ಲೂ ನೂರು ಮಿಲಿಮೀಟರಿನ ಒಂದು ಗೆರೆ ಅಚ್ಚಾಗುತ್ತದೆ, ಇದಕ್ಕೆಂದೇ. ಅವಳು ಪಟ್ಟಿ ಇಟ್ಟಳು. ತೆಗೆದು ಮತ್ತೆ ಇಟ್ಟಳು.

"ತೊಂಬತ್ತೇಳು," ಎಂದಳು.

ಕಾರಣ ತಿಳಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಹಳೆಯ ಯಂತ್ರದಲ್ಲಿ ಮುದ್ರಣವನ್ನು ನಿಜ ಅಳತೆಗೆ ಹೊಂದಿಸಲಾಗಿತ್ತು. ಯಾರು ಯಾವಾಗ ಹೊಂದಿಸಿದ್ದರೋ ನಮಗೆ ನೆನಪಿಲ್ಲ. ಹೊಸದರಲ್ಲಿ ಚಿತ್ರ ಕಾಗದದ ಅಂಚು ಮೀರದಿರಲೆಂದು ಲಿನಕ್ಸಿನ ಮುದ್ರಣ ವ್ಯವಸ್ಥೆ ಅದನ್ನು ಸದ್ದಿಲ್ಲದೆ ಪುಟಕ್ಕೆ ಹೊಂದಿಸಿ ಕಿರಿದುಮಾಡಿತ್ತು. ತಂತ್ರಾಂಶಕ್ಕೆ ಅದು ತಿಳಿಯದು. ಅದರ ಪರದೆಯಲ್ಲಿ ಇನ್ನೂರ ಐವತ್ತೆಂಟು ಇನ್ನೂರ ಐವತ್ತೆಂಟೇ. ಆ ಉದ್ದದ ಕಾಲಿಗೆ ನೂರಕ್ಕೆ ಮೂರು ಎಂದರೆ ಸುಮಾರು ಎಂಟು ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಸೈಜು.

ಸ್ಪರ್ಶ ಇರುವವರು ಬಂದು ಹೇಳುತ್ತಾರೆ. ಆರರಲ್ಲಿ ಐದು ಮಂದಿಗೆ ಸ್ಪರ್ಶವಿದೆ. ಆರನೆಯವರು ಅಂಚೆಯಜ್ಜ.

ಮಾರ್ಚ್ 27, ಗುರುವಾರ, ಬೆಳಗಿನ ಜಾವ

ಏಳುವ ಹೊತ್ತಿಗಿಂತ ಮೊದಲೇ ಎದ್ದು ಮೇಲ್ವಿಚಾರಕರಿಗೆ ಒಂದು ಪತ್ರ ಬರೆದೆ. ಈ ಸಲದ ಚರ್ಮದ ಕಟ್ಟಿನಲ್ಲಿ ಕುಗ್ಗುವ ಗುಣ ಕಂಡುಬಂದುದರಿಂದ ಆರು ಜೊತೆ ಬೂಟುಗಳನ್ನು ವಾಪಸು ಪಡೆಯುತ್ತಿದ್ದೇವೆ, ಹೊಣೆ ನನ್ನದು, ಎಂದು. ಬೂಟುಗಳು ವಾಪಸು ಬರುವುದು ಮುಖ್ಯ. ಕಾರಣ ಯಾವುದಾದರೇನು? ಹತ್ತೊಂಬತ್ತರ ಮಗುವಿನ ಹೆಸರಿಗೆ ಮೊದಲ ಕೆಲಸದಲ್ಲೇ ಕಪ್ಪು ಚುಕ್ಕೆ ಹತ್ತಬಾರದು. ನಾಲ್ಕು ಸಲ ಹರಿದು ಬರೆದೆ. ಈಗ ಓದಿದರೆ ಅಚ್ಚುಕಟ್ಟಾಗಿದೆ.

ಅದೇ ದಿನ, ಸಂಜೆ

ಐದು ಜೊತೆಗಳು ಮಧ್ಯಾಹ್ನದೊಳಗೆ ವಾಪಸು ಬಂದವು. ಅಂಚೆಯಜ್ಜನಿಗೆ ಫೋನಿಲ್ಲ. ಮೂವತ್ತು ವರ್ಷ ಊರಿನವರ ಸುದ್ದಿ ಹೊತ್ತು ಸಾಕಾಗಿದೆ, ಇನ್ನು ಯಾರೂ ನನಗೇನೂ ಹೇಳಬಾರದು ಎನ್ನುತ್ತಿದ್ದರು. ಚೀಟಿಯಲ್ಲಿದ್ದ ವಿಳಾಸಕ್ಕೆ ಮೊಳೆ ಹೋಗಿಬಂದಳು. ಮನೆ ಬದಲಿಸಿ ವರ್ಷವಾಯಿತಂತೆ.

"ಅಂಚೆಯವರಿಗೇ ಕಾಗದ ಹಾಕಿದ್ರೆ ಎಷ್ಟು ದಿನಕ್ಕೆ ತಲುಪುತ್ತೆ ಅಕ್ಕಾ?" ಎಂದಳು. ನಗಿಸಲು ಹೇಳಿದ ಹಾಗಿರಲಿಲ್ಲ.

ಇನ್ನೂ ಕಳುಹಿಸದ ಪತ್ರವನ್ನು ಅವಳಿಗೆ ತೋರಿಸಿದೆ. ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಎರಡು ಸಲ ಓದಿದಳು.

"ಚರ್ಮ ಕುಗ್ಗಲಿಲ್ಲವಲ್ಲ."

"ಗೊತ್ತು ಮಗಳೇ. ಆದ್ರೆ ನಿನ್ನ ಹೆಸರು…"

"ನಾಳೆ ಇನ್ನೊಂದು ಆಸ್ಪತ್ರೆಯವರು ಇದೇ ತಂತ್ರಾಂಶಾನ ಹೀಗೇ ನಡೆಸ್ತಾರೆ. ಅವರೂ ಪರದೆ ನೋಡಿ ಸರಿ ಅಂದ್ಕೋತಾರೆ. ಚರ್ಮ ಅಂತ ಬರೆದ್ರೆ ಅವರಿಗೆ ಗೊತ್ತಾಗೋದು ಹೇಗೆ?" ಪತ್ರವನ್ನು ಮಡಚಿ ನನ್ನ ಕೈಗೇ ಕೊಟ್ಟಳು. "ಮತ್ತೆ, ಅಕ್ಕಾ, ನಾನು ಮಾಡಿದ್ದು ಇದೊಂದೇ. ಸರಿ ಮಾಡಿದ್ದೂ ಇದೇ, ತಪ್ಪು ಮಾಡಿದ್ದೂ ಇದೇ. ಇದನ್ನೂ ನೀವೇ ತಗೊಂಡ್ರೆ ನನಗೇನು ಉಳಿಯುತ್ತೆ?"

ಪತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಮಕ್ಕಳಿಗೆ ಲೋಕದ ಅನುಭವ ಸಾಲದು.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಹಳೆಯ ಅಂಚೆ ಕಚೇರಿಗೆ ಹೋದೆವು. ಕಾಗದ ವಿಂಗಡಿಸುತ್ತಿದ್ದ ಹೆಂಗಸು ಹೇಳಿದಳು: "ಅವರಾ? ನಿವೃತ್ತಿ ಆಗಿ ಆರು ವರ್ಷ ಆಯ್ತು, ದಿನಾ ಬಂದು ತಮ್ಮ ಹಳೇ ಬೀದಿಗಳನ್ನೆಲ್ಲ ಸುತ್ತುತ್ತಾರೆ. ಚೀಲ ಇಲ್ಲ, ಕಾಗದ ಇಲ್ಲ, ಬರೀ ನಮಸ್ಕಾರ ಹಂಚ್ತಾರೆ. ಈಗ ತಾನೇ ಹೊರಟ್ರು. ಹೊಸ ಬೂಟು ಸಿಕ್ಕಿದೆ ಅಂತ ಈ ವಾರ ಎರಡು ಬೀದಿ ಜಾಸ್ತಿ."

ಎರಡು ಬೀದಿ ಜಾಸ್ತಿ!

ಔಷಧಿ ಅಂಗಡಿಯವನು "ಈಗಷ್ಟೇ ಹೋದ್ರು" ಎಂದ. ಶಾಲೆಯ ಕಾವಲುಗಾರನೂ ಈಗಷ್ಟೇ ಎಂದ. ಬೀಗದ ಅಂಗಡಿ, ಹಿಟ್ಟಿನ ಗಿರಣಿ, ಮೆಟ್ಟಿಲುಗಳ ಓಣಿ. ಎಲ್ಲ ಕಡೆಯೂ ಅಜ್ಜ ನಮಗಿಂತ ಒಂದು ತಿರುವು ಮುಂದೆ. ನಾನು ಉಸಿರುಗಟ್ಟಿ ಓಡುತ್ತಿದ್ದೆ. ಅವರು ಇಡುವ ಒಂದೊಂದು ಹೆಜ್ಜೆಯನ್ನೂ ನನ್ನ ಕಾಲಿನ ಕಿರುಬೆರಳಿನಲ್ಲಿ ಎಣಿಸುತ್ತಿದ್ದೆ. ಮೊಳೆ ಓಡಲಿಲ್ಲ. ಪ್ರತಿ ಅಂಗಡಿಯಲ್ಲೂ ನಿಂತು, ಇಲ್ಲಿಂದ ಮುಂದೆ ಅವರು ಯಾವ ಬಾಗಿಲಿಗೆ ಹೋಗುತ್ತಾರೆ ಎಂದು ಕೇಳಿಕೊಂಡಳು. ಆಮೇಲೆ, "ಅಕ್ಕಾ, ಹಿಂದೆ ಹೋಗೋದು ಬೇಡ, ಎದುರಿಂದ ಹೋಗೋಣ" ಎಂದು ಒಂದು ಗಲ್ಲಿಗೆ ತಿರುಗಿಸಿದಳು.

ಇಸ್ತ್ರಿ ಅಂಗಡಿಯ ಮುಂದೆ ಸಿಕ್ಕರು. ನಮ್ಮನ್ನು ಕಂಡು ಮುಖವರಳಿತು. "ಓಹೋ! ಬೂಟಿನವರು!"

ಮೊಳೆ ಅವರನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ, ಕೆಳಗೆ ಮೊಣಕಾಲೂರಿ, ಬಲಗಾಲಿನ ಬೂಟು ಬಿಚ್ಚಿದಳು. ಕಾಲುಚೀಲದ ಹೊರ ಅಂಚಿನಲ್ಲಿ ಹುಣಸೆ ಬೀಜದಷ್ಟು ಕಂದು ಕಲೆ. ಒಳಗೆ, ಕಿರುಬೆರಳಿನ ಬುಡದಲ್ಲಿ ಗುಳ್ಳೆಯೆದ್ದು ಒಡೆದಿತ್ತು.

"ಇದು ನನ್ನಿಂದ ಆಗಿದ್ದು ಅಜ್ಜಾ," ಎಂದಳು, ಕಾಲನ್ನು ಕೈಯಲ್ಲಿ ಹಿಡಿದೇ. "ಬೂಟು ಒಂದು ಸೈಜು ಚಿಕ್ಕದಾಗಿದೆ. ಕಾಗದ ಅಳೆದು ನೋಡಬೇಕಿತ್ತು, ನೋಡಲಿಲ್ಲ. ಈಗಲೇ ಆಸ್ಪತ್ರೆಗೆ ಹೋಗಬೇಕು. ನೀವು ನಡೆಯೋ ಹಾಗಿಲ್ಲ."

ಅಜ್ಜ ತಮ್ಮ ಕಾಲನ್ನು ಬಗ್ಗಿ ನೋಡಿದರು, ಬೇರೆ ಯಾರದ್ದೋ ಎಂಬಂತೆ.

ನಾನು ತಡೆಯಲಾರದೆ ಕೇಳಿದೆ: "ಅವತ್ತು ಹೂವಿನ ಹಾಗಿದೆ ಅಂದ್ರಲ್ಲ ಅಜ್ಜಾ?"

"ನನಗೇನು ಗೊತ್ತಾಗುತ್ತೆ ತಾಯಿ? ಹೂವಾದ್ರೂ ಒಂದೇ, ಕಲ್ಲಾದ್ರೂ ಒಂದೇ. ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಇಲ್ಲ ಅನ್ನೋದು ಹೇಗೆ?"

ಬಾಡಿಗೆ ಕಾರಿನಲ್ಲಿ ಮೊಳೆ ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನು ಮುಂದೆ ಕುಳಿತೆ. ವೈದ್ಯರು ಗಾಯ ಮೇಲ್ಪದರದ್ದು, ಮೂಳೆಗೆ ಇಳಿದಿಲ್ಲ ಎಂದರು. ಇನ್ನೊಂದು ವಾರ ನಡೆದಿದ್ದರೆ ಎಂದು ನಾನು ಕೇಳಲು ಹೋದೆ; ಅವರು ಎರಡು ಬೆರಳಿಲ್ಲದ ಎಡಗಾಲಿನ ಕಡೆ ನೋಡಿದರು. ಮೂರು ವಾರ ನೆಲಕ್ಕೆ ಕಾಲಿಡಬಾರದು.

ಮಾರ್ಚ್ 31, ಸೋಮವಾರ

ವರದಿಯನ್ನು ಮೊಳೆಯೇ ಬರೆದು ತಂದಳು. ಒಂದೇ ಪುಟ. ಅದರಲ್ಲಿ ಹೀಗಿತ್ತು: ಮುದ್ರಣದ ಹೊಂದಾಣಿಕೆಯನ್ನು ನಾನು ಪರಿಶೀಲಿಸಲಿಲ್ಲ. ಅಳತೆ ನೋಡದೆ ನಮೂನೆಗೆ ರುಜು ಹಾಕಿದವರು ನನ್ನ ಶಿಕ್ಷಕರು. ಇನ್ನು ಮುಂದೆ ಅಚ್ಚಾದ ಪ್ರತಿ ಹಾಳೆಯನ್ನು ಇಬ್ಬರು ಬೇರೆಬೇರೆಯಾಗಿ ಅಳೆದು, ಅಂಕಿಯನ್ನು ಹಾಳೆಯ ಮೇಲೆಯೇ ಬರೆಯಬೇಕು.

ಎರಡನೆಯ ವಾಕ್ಯದಲ್ಲಿ ನನ್ನ ಕಣ್ಣು ನಿಂತಿತು. ಕತ್ತರಿಯಣ್ಣ ಉಳಿ ಮಸೆಯುವುದನ್ನು ನಿಲ್ಲಿಸಿದ್ದರು.

"ತೆಗೀಬೇಕಾ ಅಕ್ಕಾ?" ಎಂದಳು.

"ತೆಗೆದ್ರೆ ನೀನು ಒಪ್ತೀಯಾ?"

ಅವಳು ತಲೆಯಲ್ಲಾಡಿಸಿದಳು, ಇಲ್ಲ ಎಂದು. ಮುಖ ಬಿಳಿಚಿಕೊಂಡಿತ್ತು, ಆದರೂ ಇಲ್ಲ ಎಂದಳು.

ನಾನು ಲೇಖನಿ ತೆಗೆದು ಆ ವಾಕ್ಯದ ಕೆಳಗೆ ಇನ್ನೊಂದು ಸೇರಿಸಿದೆ: ಪಾದವನ್ನು ನೋಡದೆ, ಬಾಯಿಮಾತಿನ ಮೇಲೆ ರೋಗಿಯನ್ನು ಕಳುಹಿಸಿದವರೂ ಅವರೇ. ರುಜು ಹಾಕಿದೆ. ಈ ಸಲ ಓದಿ ಹಾಕಿದೆ.

ಮೇಲ್ವಿಚಾರಕರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. ಅಜ್ಜನ ಕಾಲು ವಾಸಿಯಾಗುವವರೆಗೆ ಅಳತೆಯ ಕೆಲಸ ನಿಲ್ಲಿಸಬೇಕು. ಆಮೇಲೆ ಅವರ ಬೂಟನ್ನೇ ಮೊದಲು ಮಾಡಬೇಕು. ಅದನ್ನು ನೋಡಿ ತೀರ್ಮಾನ ಎಂದರು.

ಏಪ್ರಿಲ್ 4, ಶುಕ್ರವಾರ

ಪುಟಕ್ಕೆ ಹೊಂದಿಸುವುದನ್ನು ಮೊಳೆ ತೆಗೆದುಹಾಕಿದ್ದಾಳೆ. ನಲವತ್ತು ಹಾಳೆ ಅಚ್ಚು ಮಾಡಿ ನಲವತ್ತನ್ನೂ ಅಳೆದೆವು, ಅವಳು ಒಂದು ಮೂಲೆಯಲ್ಲಿ, ನಾನು ಇನ್ನೊಂದರಲ್ಲಿ. ನಲವತ್ತರಲ್ಲೂ ನೂರು. ಒಂದರಲ್ಲಿ ನಾನು ತೊಂಬತ್ತೊಂಬತ್ತು ಬರೆದಿದ್ದೆ. ಅವಳು ನನ್ನ ಹಾಳೆ ವಾಪಸು ತಂದು, "ಪಟ್ಟಿ ಜರುಗಿದೆ ನೋಡಿ, ಇನ್ನೊಂದ್ ಸಲ," ಎಂದಳು. ಇನ್ನೊಂದು ಸಲ ಅಳೆದೆ.

ತಂಗಿ ಕೇಳುತ್ತಾಳೆ, ಈಚೆಗೆ ಸಂಜೆ ಓಡಾಟ ಕಡಿಮೆಯಾಗಿದೆಯಲ್ಲ ಎಂದು. ನನಗೆ ಹಾಗೇನೂ ಅನ್ನಿಸಿಲ್ಲ.

ಏಪ್ರಿಲ್ 22, ಮಂಗಳವಾರ

ಅಂಚೆಯಜ್ಜ ಗಾಲಿಕುರ್ಚಿಯಲ್ಲಿ ಬಂದರು. ಗಾಯ ಮುಚ್ಚಿ ತಿಳಿಗುಲಾಬಿ ಬಣ್ಣದ ಚರ್ಮ ಬಂದಿದೆ. ಮೂರು ವಾರ ಬೀದಿ ಬಿಟ್ಟು ಕುಳಿತಿದ್ದ ಸಿಟ್ಟು ಇನ್ನೂ ಇಳಿದಿಲ್ಲ. "ನನ್ನ ನಮಸ್ಕಾರ ಎಲ್ಲ ಬಾಕಿ ಬಿದ್ದಿವೆ," ಎಂದರು.

ಮೊದಲಿನ ಅಳತೆಯನ್ನೇ ಸರಿಯಾಗಿ ಅಚ್ಚು ಮಾಡಿ ಕಟ್ಟಿದ್ದ ಹೊಸ ಬೂಟನ್ನು ಮೊಳೆ ಹಾಕಿಸಿದಳು. ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಅಂಚುಗಳನ್ನು ಎರಡೂ ಕಡೆ ಒತ್ತಿ ನೋಡಿದಳು. ನಡೆಸಿದಳು. ಗೋಡೆ ಗಡಿಯಾರದ ಇಪ್ಪತ್ತು ನಿಮಿಷವೂ ನಡೆಸಿದಳು. ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದರು. ಹದಿನೈದನೆಯ ನಿಮಿಷಕ್ಕೆ ನನ್ನ ಬಾಯಿ ತೆರೆಯಿತು. ಮೊಳೆ ತಿರುಗಿ ನೋಡಿದಳು, ಅಷ್ಟೇ. ನಾನು ಹೋಗಿ ಕತ್ತರಿಯಣ್ಣನ ಪಕ್ಕದಲ್ಲಿ ಕುಳಿತೆ. ಅವರು ತಮ್ಮ ಸ್ಟೂಲನ್ನು ಸ್ವಲ್ಪ ಸರಿಸಿ ಜಾಗ ಕೊಟ್ಟರು.

ಬೂಟು ಬಿಚ್ಚಿ, ಕಾಲುಚೀಲ ತೆಗೆದು, ಪಾದವನ್ನು ಕಿಟಕಿಯ ಬೆಳಕಿಗೆ ಎತ್ತಿದಳು. ಒಂದೊಂದು ಬೆರಳನ್ನೂ ಬಿಡಿಸಿದಳು. ಅಡಿಗೆ ಕನ್ನಡಿ ಹಿಡಿದಳು.

"ಚೆನ್ನಾಗಿದೆ ಅಂತ ಹೇಳಲಾ?" ಎಂದರು ಅಜ್ಜ.

"ನೀವು ಏನೂ ಹೇಳ್ಬೇಡಿ ಅಜ್ಜಾ. ನಾನಿನ್ನೂ ನೋಡ್ತಿದೀನಿ."

ನಾವೆಲ್ಲ ಕಾದೆವು.